ಬಾಗಿಲಿಲ್ಲದ ಚಿಲಕ

ತೊಕುಶಿಮಾ. ಆಸ್ಪತ್ರೆಯ ನಾಲ್ಕನೇ ಮಹಡಿ.
ಮೈನಸ್ ಎಂಬತ್ತರ ಪೆಟ್ಟಿಗೆಯಿಂದ
ಕೊಳವೆಗಳನ್ನು ಎತ್ತಿಟ್ಟು ಕಾಯುತ್ತೇನೆ.
ರಕ್ತದ ತಿಳಿಗೂ ಚಳಿ ಬಿಡಲು ಹೊತ್ತು ಬೇಕು.
ಯಾವುದಕ್ಕೂ ಹೆಸರಿಲ್ಲ, ಅಂಕಿ ಮಾತ್ರ.
ಅದು ನಿಯಮ. ಒಳ್ಳೆಯ ನಿಯಮ.

ಹೊಸದಾಗಿ ಸೇರಿದ ಹುಡುಗ ಇಬುಕಿ ಕೇಳಿದ:
ನಾವು ಹುಡುಕುತ್ತಿರುವುದಾದರೂ ಏನನ್ನು?

ಹೇಳಿದೆ:
ಒಂದೊಂದು ಜೀವಕೋಶವೂ ಒಂದು ಮನೆ ಅಂದುಕೋ.
ಬಾಗಿಲ ಹೊರಗೊಂದು ಚಿಲಕ.
ಉಂಡ ಮೇಲೆ ಇನ್ಸುಲಿನ್ ಬಂದು ಅದನ್ನು ಅಲ್ಲಾಡಿಸಬೇಕು,
ಒಳಗಿನವರು ಎದ್ದು ಅಗುಳಿ ತೆಗೆಯಬೇಕು,
ಆಮೇಲೆ ತಾನೇ ಬೀದಿಯಲ್ಲಿ ಕಾದು ನಿಂತ ಸಕ್ಕರೆ
ಹೊಸ್ತಿಲು ದಾಟುವುದು.
ಕೆಲವರಲ್ಲಿ, ಯಾಕೋ,
ಮನೆಯದೇ ಕತ್ತರಿಯೊಂದು
ಆ ಚಿಲಕವನ್ನು ಕತ್ತರಿಸಿ ಬೀದಿಗೆ ಬಿಡುತ್ತದೆ.
ಅದು ರಕ್ತದಲ್ಲಿ ತೇಲಿಹೋಗುತ್ತದೆ.
ಇನ್ಸುಲಿನ್ನಿಗೆ ಇದೆಲ್ಲ ಎಲ್ಲಿ ಗೊತ್ತು?
ಸಿಕ್ಕ ಚಿಲಕವನ್ನು ಹಿಡಿದುಕೊಂಡು
ಇನ್ನೇನು ಬಾಗಿಲು ತೆರೆದೀತೆಂದು
ನಿಂತೇ ಇರುತ್ತದೆ,
ನಡುಹೊಳೆಯಲ್ಲಿ.

ಪಾಪ, ಎಂದ ಇಬುಕಿ.
ಪಾಪ ಆಮೇಲೆ, ಮೊದಲು ಎಣಿಸು, ಎಂದೆ.

ಇನ್ನೂರ ಹದಿನೇಳು.
ಚೀಟಿಯ ಅಂಚಿನಲ್ಲಿ ನೀಲಿ ಹೆಬ್ಬೆರಳ ಗುರುತು.
ರಕ್ತ ಕೊಟ್ಟ ದಿನ ಒಬ್ಬ ಮುದುಕರು
ತಮ್ಮದೇ ಕೊಳವೆಯನ್ನು ಮುಟ್ಟಿ
ಅರೆ, ಇನ್ನೂ ಬೆಚ್ಚಗಿದೆ, ಎಂದಿದ್ದರು.
ಉಗುರಿನ ಬುಡದ ತನಕ ನೀಲಿ.
ಯೋಶಿನೋ ಹೊಳೆಯಾಚೆ ಬಟ್ಟೆಗೆ ಬಣ್ಣ ಕಟ್ಟುವ ಸಾದಮಿತ್ಸು.
ಅಂಕಿಗೆ ಹೀಗೆ ಮುಖ ಬರಬಾರದಿತ್ತು.

ತಟ್ಟೆಯ ಗುಳಿಗಳಲ್ಲಿ ಹಳದಿ ಏರತೊಡಗಿತು.
ಇನ್ನೂರ ಹದಿನೇಳರ ಸಕ್ಕರೆ ನೆಟ್ಟಗಿದೆ, ತೊಂಬತ್ತೆರಡು.
ಕಳಚಿದ ಚಿಲಕಗಳು ಮಾತ್ರ
ನೆರೆಯ ಗುಳಿಗಿಂತ ಎರಡು ಪಟ್ಟು.

ಡಾಕ್ಟರ್ ಹೊಂಜೊ ಹಾಳೆ ನೋಡಿ ಕನ್ನಡಕ ತೆಗೆದರು.
ಸೂಚನೆ 'ಇರಬಹುದು' ಎಂದು ಬರೆಯಿರಿ.
ನಮ್ಮ ಇಡೀ ವಿಭಾಗದ ಸಂಬಳ
ಆ ಒಂದು 'ಬಹುದು' ಮೇಲೆ ನಿಂತಿದೆ.

ಭಾನುವಾರ ಬಸ್ಸು ಹತ್ತಿ ಸೇತುವೆ ದಾಟಿದೆ,
ಕೈವಸ್ತ್ರ ಕೊಳ್ಳುವ ನೆವ.
ನೆಲದಲ್ಲಿ ಕತ್ತಿನವರೆಗೆ ಹೂತ ಹಂಡೆಗಳು,
ಹುದುಗಿದ ಎಲೆಯ ಗಾಟು.
ಮುದುಕರು ಮಂಡಿಯೂರಿ ಬೆರಳದ್ದಿ
ನಾಲಿಗೆಗೆ ತಾಕಿಸಿ ನೋಡಿದರು.
ಇವತ್ತು ಇದಕ್ಕೆ ಹಸಿವು, ಎಂದು
ಗೋಧಿ ತೌಡಿನ ಗಂಜಿ ಹೊಯ್ದರು.
ಹಂಡೆಯ ನಡುವೆ ನೊರೆ ಗುಡ್ಡೆಗಟ್ಟಿ ನೇರಳೆಯಾಗಿ ಮಿಂಚುತ್ತಿತ್ತು.
ಇದಕ್ಕೆ ಹೂವು ಅನ್ನುತ್ತೇವೆ.
ಹೂವೆದ್ದರೆ ಬಣ್ಣಕ್ಕೆ ಜೀವ ಇದೆ ಅಂತ.

ಯಾವತ್ತೂ ನಿಜವೇ, ಕೇಳಿದೆ.

ನಕ್ಕರು.
ಹೂವೆದ್ದೂ ಸತ್ತ ಹಂಡೆ ಕಂಡಿದ್ದೇನೆ.
ಹೂವೇ ಇಲ್ಲದ್ದು ಇಡೀ ಚಳಿಗಾಲ ದುಡಿದದ್ದೂ ಉಂಟು.
ಹಾಗಂತ ಬೆಳಗೆದ್ದು ನೋಡದೆ ಇರೋದಕ್ಕಾಗುತ್ತಾ?

ನನ್ನ ನಾಲಿಗೆಯ ಮೇಲೆ ಆ ಅಂಕಿ
ಸುಣ್ಣದ ಹಾಗೆ ಸುಡುತ್ತ ಕೂತಿತ್ತು.
ಹೇಳುವುದಾದರೂ ಏನನ್ನು?
ನಿಮ್ಮ ಚಿಲಕಗಳು ಕಳಚುತ್ತಿವೆ, ಬಹುಶಃ.
ಅದಕ್ಕೊಂದು ಅರ್ಥವಿದ್ದರೆ
ಐದಾರು ವರ್ಷದಲ್ಲಿ ತಿಳಿಸುತ್ತೇವೆ?
ನುಂಗಿಕೊಂಡೆ.

ಹೊರಡುವಾಗ ಇಷ್ಟೇ ಅಂದೆ:
ಜೂನಿನಲ್ಲಿ ಮತ್ತೆ ರಕ್ತ ಕೊಡಬೇಕು, ತಪ್ಪಿಸಬೇಡಿ.
ಖಾಲಿ ಹೊಟ್ಟೆಯಲ್ಲಾ?
ಖಾಲಿ ಹೊಟ್ಟೆಯಲ್ಲಿ.
ಸರಿ, ಹಂಡೆಗೆ ಉಣಿಸಿ ನಾನು ಉಪವಾಸ ಬರುತ್ತೇನೆ,
ಎಂದು ಬಾಗಿಲು ಎಳೆದುಕೊಂಡರು.
ಪಕ್ಕಕ್ಕೆ ಸರಿಯುವ ಮರದ ಬಾಗಿಲು.
ಚಿಲಕವೇ ಇರಲಿಲ್ಲ.

ರಾತ್ರಿ ಕೈವಸ್ತ್ರ ನೆನೆಸಿದೆ.
ಮೊದಲ ನೀರು ನೀಲಿ.
ಎರಡನೆಯದೂ.
ಮೂರನೆಯದನ್ನು ಚೆಲ್ಲದೆ
ಹಾಗೇ ಬಿಟ್ಟು ದೀಪ ಆರಿಸಿದೆ.